ಹಳೇ ಬೈಕಿನ ಬ್ರೇಕಿಗೆ 28 ಸಾವಿರ ಹಾಕಬೇಕಾ? ಬದಿಯಡ್ಕದ ಒಂದು ಪ್ರಕರಣ

ಬೈಕು 2015ರದ್ದು. 150 ಸಿಸಿ, ಕೇರಳದ ಕಾಸರಗೋಡಿನ ಕೆಎಲ್ 14 ನಂಬರು. ಮುಂದೆ 240 ಮಿಲಿಮೀಟರಿನ ಡಿಸ್ಕ್, ಹಿಂದೆ 130ರ ಡ್ರಮ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ. ಈಗ ಮಾರಲು ಹೋದರೆ ಮೂವತ್ತೈದು ಸಾವಿರ ಸಿಕ್ಕಿದರೆ ದೊಡ್ಡದು. ಇದರ ಬ್ರೇಕ್ ಬದಲಿಸಲು ಮಂಗಳೂರಿನ ಒಂದು ಅಂಗಡಿಯವರು ಬರೆದುಕೊಟ್ಟ ಎಸ್ಟಿಮೇಟು ಸುಮಾರು 28 ಸಾವಿರ. ಬೈಕಿನ ಬೆಲೆಗೆ ಏಳು ಸಾವಿರ ಮಾತ್ರ ಕಡಿಮೆ.

ಬೈಕು ನನ್ನ ಅಕ್ಕನ ಮಗನದ್ದು. ಬದಿಯಡ್ಕದ ಹತ್ತಿರ ಮನೆ, ಕೆಲಸ ಮಂಗಳೂರಿನಲ್ಲಿ. ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆಗೆ ಇಳಿದು, ಅಲ್ಲಿಂದ ಹೆದ್ದಾರಿ ಹಿಡಿದು ರಾಜ್ಯದ ಗಡಿ ತಲಪಾಡಿ ಮೂಲಕ ಹೋಗುತ್ತಾನೆ. ಜೂನಿನ ಮೊದಲ ಮಳೆಗೆ ಸೀತಾಂಗೋಳಿಯ ಈಚೆ ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ಇವನು ಮುಂದಿನ ಲಿವರ್ ಒತ್ತಿದರೆ ಅದು ಸೀದಾ ಹ್ಯಾಂಡಲಿಗೇ ಬಂದು ತಾಗಿತು. ಹೆದರಿ ಹಿಂದಿನದನ್ನು ತುಳಿದ. ಹಿಂಬದಿ ಅಡ್ಡ ತಿರುಗಿ ಜಾರಿಕೊಂಡು ಹೋಗಿ ರಸ್ತೆ ಬದಿಯ ಹುಲ್ಲಿನಲ್ಲಿ ಮಲಗಿತು. ಮೊಣಕಾಲು ತರಚಿತು, ಫುಟ್‌ರೆಸ್ಟ್ ಬಾಗಿತು. ಅಷ್ಟರಲ್ಲೇ ಮುಗಿಯಿತು.

ಆಮೇಲೆ ಅವನಿಗೆ ಬ್ರೇಕಿನದ್ದೇ ಧ್ಯಾನ. ವಾರದೊಳಗೆ ಎಸ್ಟಿಮೇಟು ಹಿಡಿದುಕೊಂಡು ಮನೆಗೆ ಬಂದ.

"ಮಾವ, ಇದೊಮ್ಮೆ ನೋಡಿ. ಮುಂದೆ ದೊಡ್ಡ ಡಿಸ್ಕ್, ಹಿಂದೆಯೂ ಡಿಸ್ಕ್. ಜೀವಕ್ಕಿಂತ ದುಡ್ಡು ಜಾಸ್ತಿಯಾ?"

"ಅಲ್ಲ ಮಾರಾಯ, ಈಗ ಇರುವ ಬ್ರೇಕಿಗೆ ಎಂತ ಆಗಿದೆ ಅಂತ ಅವರು ಬಿಚ್ಚಿ ನೋಡಿದ್ರಾ?"

ನೋಡಿರಲಿಲ್ಲ. ನಾನು ಮೊದಲು ಗ್ಯಾರೇಜಿನಲ್ಲಿ ಕೆಲಸ ಮಾಡಿದವನು, ಈಗ ತೋಟ ನೋಡಿಕೊಂಡು ಮನೆಯವರ ಗಾಡಿಗಳನ್ನು ರಿಪೇರಿ ಮಾಡಿಕೊಂಡಿದ್ದೇನೆ. ಹಾಗಾಗಿ ಆ ಚೀಟಿ ಓದುವಾಗ ಕಣ್ಣು ಬೇರೆ ಕಡೆಗೆ ಹೋಯಿತು. 280ರ ಡಿಸ್ಕ್, ಅದಕ್ಕೊಂದು ಬ್ರಾಕೆಟ್, ಎರಡು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), ಬ್ರೇಕ್ ಆಯಿಲ್ ಹೋಗುವ ಸ್ಟೀಲ್ ಹೆಣೆದ ಹೋಸ್, ಹಿಂದಕ್ಕೆ ಬೇರೆ ಮಾಡೆಲಿನ ಚಕ್ರ ಸಮೇತ ಡಿಸ್ಕ್ ಸೆಟ್, ಕೂಲಿ. ಹ್ಯಾಂಡಲಿನಲ್ಲಿ ಲಿವರಿನ ಬುಡದಲ್ಲಿದ್ದು ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಇಲ್ಲ. ಟೈರ್ ಇಲ್ಲ. ಬ್ರೇಕ್ ಆಯಿಲ್ ಕೂಡ ಬರೆದಿರಲಿಲ್ಲ, ಅದು ಕೂಲಿಯಲ್ಲೇ ಬರುತ್ತದೋ ಏನೋ.

ಮಾಸ್ಟರ್ ಸಿಲಿಂಡರ್ ಯಾಕೆ ಮುಖ್ಯ ಅಂದರೆ, ನಾವು ಲಿವರ್ ಒತ್ತಿದಾಗ ಅಲ್ಲಿಂದ ಹೊರಡುವ ಆಯಿಲ್ ಇಷ್ಟೇ ಅಂತ ಲೆಕ್ಕ ಇರುತ್ತದೆ. ಕೆಳಗೆ ದೊಡ್ಡ ಕ್ಯಾಲಿಪರ್ ಕೂರಿಸಿ ಮೇಲಿನದ್ದನ್ನು ಹಾಗೇ ಬಿಟ್ಟರೆ, ಅಷ್ಟು ದೊಡ್ಡ ಪಿಸ್ಟನ್ನುಗಳನ್ನು ತಳ್ಳಲು ಲಿವರ್ ಇನ್ನೂ ಒಳಗೆ ಹೋಗಬೇಕು. ಹುಡುಗನ ದೂರೇ ಲಿವರ್ ಒಳಗೆ ಹೋಗುತ್ತದೆ ಅನ್ನುವುದು! ಬಲ ಜಾಸ್ತಿ ಸಿಗುತ್ತದೆ ನಿಜ, ಆದರೆ ಕೈಗೆ ಬ್ರೇಕ್ ಇನ್ನೂ ಮೆತ್ತಗಾಗುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡೋಣ ಅಂದೆ. ಹೆದ್ದಾರಿ ಅಗಲ ಮಾಡಿದಾಗ ಪಕ್ಕದಲ್ಲಿ ಹಳೇ ರಸ್ತೆಯ ತುಂಡುಗಳು ಉಳಿದಿವೆಯಲ್ಲ, ಅಂಥ ಒಂದು ಖಾಲಿ ಜಾಗ. ಮಳೆ ಬಿಟ್ಟು ಡಾಮರು ಒಣಗಿದ ಹೊತ್ತು. ಸುಣ್ಣದಲ್ಲಿ ಒಂದು ಗೆರೆ ಎಳೆದು, ಮೀಟರಿನಲ್ಲಿ 40 ಇರುವಾಗ ಗೆರೆಯ ಮೇಲೆ ಬ್ರೇಕ್ ಒತ್ತುವುದು, ಅಡಿಕೆ ಗುಂಡಿಯ ಅಂತರ ಅಳೆಯುವ ಟೇಪಿನಲ್ಲಿ ಅಳೆಯುವುದು. ಹದಿನೇಳು ಮೀಟರಿನ ಆಸುಪಾಸಿನಲ್ಲಿ ನಿಂತಿತು. ಒಣ ಡಾಮರಿನ ಮೇಲೆ 40ರ ವೇಗದಿಂದ ಸರಿಯಿರುವ ಬೈಕು ಒಂಬತ್ತು, ಹತ್ತು, ಹೆಚ್ಚೆಂದರೆ ಹನ್ನೊಂದು ಮೀಟರಿನಲ್ಲಿ ನಿಲ್ಲಬೇಕು. ಅಂದರೆ ಬ್ರೇಕ್ ಸಾಲದು ಅನ್ನುವ ಅವನ ಮಾತು ಸುಳ್ಳಲ್ಲ. ಯಾಕೆ ಸಾಲದು ಅನ್ನುವುದು ಬೇರೆ ಪ್ರಶ್ನೆ.

ಮನೆಗೆ ತಂದು ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದರೆ ಆಯಿಲ್ ಕಟ್ಟನ್ ಚಾಯದ, ಅಂದರೆ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೊಸದಾಗಿ ಹಾಕುವಾಗ ತಿಳಿ ಹಳದಿ ಇರುತ್ತದೆ. ಕೇಳಿದರೆ, ಬೈಕು ತಗೊಂಡ ಮೇಲೆ ಬದಲಿಸಿದ ನೆನಪೇ ಇಲ್ಲ. ಇಂಜಿನ್ ಆಯಿಲನ್ನು ಎಲ್ಲರೂ ತಪ್ಪದೆ ಬದಲಿಸುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದ್ದು. ಡಾಟ್ 3, ಡಾಟ್ 4 ಅಂತ ಅದರಲ್ಲಿ ದರ್ಜೆಗಳಿವೆ. ಹೊಸ ಡಾಟ್ 4 ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಅದೇ ಆಯಿಲಿಗೆ ಇರುವ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ, ಬಟ್ಟೆ ಒಣಗಲು ಮೂರು ದಿನ ಬೇಕಾಗುವ ನಮ್ಮ ಊರಲ್ಲಿ ಈ ಆಯಿಲ್ ಒಣಗಿಕೊಂಡು ಕೂರುತ್ತದಾ? ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಕಂಪನಿಗಳು ಹೇಳುವುದು ಇದಕ್ಕೇ. ಬಿಸಿಯಾಗಿ ಆಯಿಲಿನೊಳಗಿನ ನೀರು ಆವಿಯಾದರೆ ಲಿವರ್ ಒತ್ತಿದಾಗ ಆವಿ ಅಮುಕುತ್ತದೆಯೇ ಹೊರತು ಪ್ಯಾಡಿಗೆ ಒತ್ತಡ ಹೋಗುವುದಿಲ್ಲ.

ಇವನದ್ದು ಕುದಿದ ಕೇಸಲ್ಲ, ಅಷ್ಟು ದೊಡ್ಡ ಇಳಿಜಾರು ಅಲ್ಲಿಲ್ಲ. ಲೈನಿನಲ್ಲಿ ಗಾಳಿ ಸೇರಿತ್ತು, ರಬ್ಬರ್ ಹೋಸ್ ಹಳತಾಗಿ ಬಾಗುವಲ್ಲೆಲ್ಲ ಸಣ್ಣ ಬಿರುಕು ಬಿಟ್ಟಿತ್ತು. ಅಕ್ಕನ ಮಗನಿಗೆ ಲಿವರ್ ಜೋರಾಗಿ ಒತ್ತಿ ಹಿಡಿಯಲು ಹೇಳಿ ನಾನು ಹೋಸಿನ ಮೇಲೆ ಕೈಯಿಟ್ಟೆ. ಉಬ್ಬುವುದು ಬೆರಳಿಗೇ ಗೊತ್ತಾಗುತ್ತಿತ್ತು.

ಕ್ಯಾಲಿಪರ್ ಕೆಳಗಿಳಿಸಿದಾಗ ಇನ್ನೊಂದು ಕಥೆ. ಒಂದೇ ಪಿಸ್ಟನ್ ಇರುವ ಕ್ಯಾಲಿಪರ್ ಪಿನ್ನುಗಳ ಮೇಲೆ ಆಚೀಚೆ ಜಾರಬೇಕು, ಆಗ ಮಾತ್ರ ಎರಡೂ ಪ್ಯಾಡ್ ಡಿಸ್ಕನ್ನು ಸಮವಾಗಿ ಹಿಡಿಯುತ್ತವೆ. ಇಲ್ಲಿ ಪಿನ್ನುಗಳಲ್ಲಿ ಗ್ರೀಸ್ ಅನ್ನುವುದೇ ಇಲ್ಲ, ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕುಂಬಳೆಯಿಂದ ಆಚೆ ಸಮುದ್ರದ ಬದಿಯಲ್ಲೇ ದಿನಾ ಓಡುವ ಗಾಡಿ, ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಆಶ್ಚರ್ಯ ಅಲ್ಲ. ಒಳಗಿನ ಪ್ಯಾಡ್ ಹೆಚ್ಚುಕಡಿಮೆ ತಗಡಿನವರೆಗೆ ಸವೆದಿತ್ತು, ಹೊರಗಿನದ್ದು ಅರ್ಧ ಉಳಿದಿತ್ತು. ಉಳಿದದ್ದೂ ಗಾಜು ಹಾಕಿದ ಹಾಗೆ ಹೊಳೆಯುತ್ತಿತ್ತು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೊರೆದಿರುತ್ತದೆ. ಅಳೆದು ನೋಡಿದೆ, ಅದಕ್ಕಿಂತ ಜಾಸ್ತಿಯೇ ಇತ್ತು. ಅಂದರೆ ಎಸ್ಟಿಮೇಟಿನಲ್ಲಿ ಮೊದಲು ಬದಲಿಸಲು ಬರೆದ ಸಾಮಾನು ಒಂದೇ ಸರಿ ಇದ್ದದ್ದು.

ಹಿಂದಿನ ಡ್ರಮ್ಮಿನಲ್ಲಿ ಯಾರೋ ಕೈಚಳಕ ತೋರಿಸಿದ್ದರು. ಡ್ರಮ್ ಬ್ರೇಕಿನಲ್ಲಿ ಪೆಡಲಿನ ರಾಡ್ ಎಳೆಯುವ ಆರ್ಮಿನ ಬುಡದಲ್ಲಿ ಒಂದು ಬಾಣದ ಗುರುತು ಇರುತ್ತದೆ. ಪೆಡಲ್ ತುಳಿದು ಹಿಡಿದಾಗ ಆ ಬಾಣ ಪ್ಲೇಟಿನ ಮೇಲಿನ ಗೆರೆಗೆ ಮುಟ್ಟಿದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಮುಗಿಯಿತು ಅಂತ ಅರ್ಥ. ಇಲ್ಲಿ ಬಾಣ ಗೆರೆ ದಾಟಿ ಹೋಗಿತ್ತು. ರಾಡಿನ ನಟ್ಟನ್ನು ಕೊನೆಯವರೆಗೆ ಬಿಗಿದದ್ದಾಗಿತ್ತು, ಇನ್ನು ಬಿಗಿಯಲು ಜಾಗ ಇಲ್ಲ ಅಂತಾದಾಗ ಆರ್ಮ್ ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ ಮತ್ತೆ ಬಿಗಿದಿದ್ದರು. ಪೆಡಲ್ ಗಟ್ಟಿಯಾಗಿದೆ ಅಂತ ಗಿರಾಕಿ ಖುಷಿಯಲ್ಲಿ ಹೋಗುತ್ತಾನೆ. ಒಳಗೆ ಕ್ಯಾಮ್ ತಿರುಗಬೇಕಾದ್ದಕ್ಕಿಂತ ಜಾಸ್ತಿ ತಿರುಗಿ ಶೂವನ್ನು ಸರಿಯಾಗಿ ಅಗಲಿಸುವುದಿಲ್ಲ, ಪೂರ್ತಿ ಅಡ್ಡ ನಿಂತರಂತೂ ಬ್ರೇಕ್ ಬಿಡುವುದೇ ಇಲ್ಲ, ಚಕ್ರ ಕಚ್ಚಿಕೊಳ್ಳುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಶೂ ಉಳಿಸಲು ಇಷ್ಟೆಲ್ಲ.

ಕೊನೆಗೆ ಟೈರ್. ಪಕ್ಕದಲ್ಲಿ ಮೊಟ್ಟೆಯಾಕಾರದ ಉದ್ದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮುಂದಿನದ್ದರಲ್ಲಿ 0915 ಅಂತ ಇತ್ತು. 2015ರ ಒಂಬತ್ತನೇ ವಾರ. ಬೈಕಿನ ಜತೆಗೇ ಬಂದ ಟೈರ್! ಗೆರೆ ಇನ್ನೂ ಕಾಣುತ್ತದೆ ಅಂತ ಬದಲಿಸಿರಲಿಲ್ಲ. ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ, ಅಷ್ಟು ಗಟ್ಟಿಯಾಗಿತ್ತು. ಹಿಂದಿನದ್ದು ಒಮ್ಮೆ ಬದಲಾಗಿತ್ತಂತೆ, ಅದೂ ಹೆದ್ದಾರಿಯಲ್ಲಿ ನೇರ ಓಡಿ ಓಡಿ ನಡುವೆ ಚಪ್ಪಟೆಯಾಗಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನಾನು ಹೇಳಿದ್ದು ಒಂದೇ. ಮೊದಲು ಈ ಬ್ರೇಕನ್ನು ಶೋರೂಮಿನಿಂದ ಬಂದಾಗ ಹೇಗಿತ್ತೋ ಹಾಗೆ ಮಾಡುವ. ಆಮೇಲೂ ಸಾಲದಿದ್ದರೆ 28 ಸಾವಿರದ ಮಾತು.

ಕೆಲಸ ಒಂದು ಭಾನುವಾರದಲ್ಲಿ ಮುಗಿಯಿತು. ಕ್ಯಾಲಿಪರ್ ತೊಳೆದು ಹೊಸ ಸೀಲ್, ಪಿನ್ನುಗಳಿಗೆ ಸಿಲಿಕಾನ್ ಗ್ರೀಸ್, ಹೊಸ ಪ್ಯಾಡ್, ಹೊಸ ಹೋಸ್, ಅದರ ಎರಡು ಬದಿಗೂ ಹೊಸ ತಾಮ್ರದ ವಾಷರ್, ಹೊಸ ಆಯಿಲ್ ಹಾಕಿ ಗಾಳಿ ತೆಗೆದದ್ದು. ಹಿಂದೆ ಹೊಸ ಶೂ, ಆರ್ಮನ್ನು ಅದರ ಜಾಗಕ್ಕೆ ತಂದು ಕೂರಿಸಿದ್ದು, ಡ್ರಮ್ಮಿನ ಒಳಗೆ ಮರಳು ಕಾಗದದಲ್ಲಿ ತಿಕ್ಕಿದ್ದು. ಬ್ರೇಕ್ ಆಯಿಲ್ ಪೇಂಟಿಗೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ಹತ್ತಿರ ಒಂದು ಬಾಲ್ದಿ ನೀರು ಇಟ್ಟುಕೊಂಡೇ ಕೆಲಸ ಮಾಡಿ. ಇನ್ನೊಂದು, ಕಳೆದ ವರ್ಷ ತೆರೆದಿಟ್ಟ ಅರ್ಧ ಬಾಟಲಿ ಆಯಿಲ್ ಹಾಕಬೇಡಿ, ಅದು ಬಾಟಲಿಯಲ್ಲೇ ತೇವ ಕುಡಿದಿರುತ್ತದೆ.

ಹೋಸಿನ ವಿಷಯದಲ್ಲಿ ಸ್ವಲ್ಪ ಚರ್ಚೆ ಆಯಿತು. ಅವನಿಗೆ ಸ್ಟೀಲ್ ಹೆಣೆದದ್ದೇ ಬೇಕು. ನನ್ನ ಅಭಿಪ್ರಾಯದಲ್ಲಿ ಕಂಪನಿಯ ಹೊಸ ರಬ್ಬರ್ ಹೋಸ್ ಸಾಕು. ಸ್ಟೀಲಿನದ್ದು ಉಬ್ಬುವುದಿಲ್ಲ, ಲಿವರ್ ಗಟ್ಟಿಯಾಗಿ ಸಿಗುತ್ತದೆ, ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇದು ನಿಜವಾದ ಲಾಭ. ಅದರಿಂದ ಬೈಕು ಇಷ್ಟು ಮೀಟರ್ ಮೊದಲೇ ನಿಲ್ಲುತ್ತದೆ ಅಂತ ಮಾರುವವರು ಹೇಳುವುದು ಮಾತ್ರ ನಂಬುವಂಥದ್ದಲ್ಲ. ಹೋಸ್ ಹೇಗೂ ಬದಲಿಸಲೇಬೇಕಿತ್ತು, ಬೆಲೆಯಲ್ಲಿ ವ್ಯತ್ಯಾಸ ಸಾವಿರದೊಳಗೆ. ಆಯ್ತು, ಅದೊಂದು ಆಸೆ ತೀರಲಿ ಅಂತ ಬಿಟ್ಟೆ.

ಹೊಸ ಪ್ಯಾಡ್ ಹಾಕಿದ ದಿನವೇ ಪರೀಕ್ಷೆ ಮಾಡಬಾರದು. ಪ್ಯಾಡಿನ ಮೈ ಡಿಸ್ಕಿಗೆ ಹೊಂದಿಕೊಳ್ಳಬೇಕು. ಕೆಲವು ದಿನ ಮೆಲ್ಲ ಮೆಲ್ಲ ಬ್ರೇಕ್ ಹಿಡಿದು ಓಡಿಸಿದ ಮೇಲೆ ಅದೇ ರಸ್ತೆ, ಅದೇ ಟೇಪು. ಹಳೇ ಟೈರಿನಲ್ಲೇ ಹನ್ನೊಂದು ಮೀಟರಿನ ಹತ್ತಿರ ಬಂತು. ಟೈರ್ ಎರಡೂ ಬದಲಿಸಿದ ಮೇಲೆ ಹತ್ತು. ಎರಡು ಬೆರಳಲ್ಲಿ ಒತ್ತಿದರೆ ಮುಂದಿನ ಟೈರ್ ಕೀಂಯ್ ಅನ್ನಲು ಶುರು ಮಾಡುತ್ತದೆ.

ಆ ಸದ್ದು ಬಂದರೆ ಲೆಕ್ಕ ಮುಗಿದ ಹಾಗೆ. ಚಕ್ರವನ್ನು ನಿಲ್ಲಿಸುವುದು ಬ್ರೇಕ್, ಬೈಕನ್ನು ನಿಲ್ಲಿಸುವುದು ಟೈರ್. ಟೈರ್ ರಸ್ತೆಯನ್ನು ಹಿಡಿಯುವಷ್ಟೂ ಹಿಡಿತವನ್ನು ಈ ಸಣ್ಣ ಡಿಸ್ಕೇ ಖರ್ಚು ಮಾಡುತ್ತಿದೆ ಅಂತಾದರೆ, ದೊಡ್ಡ ಡಿಸ್ಕಿಗೆ ಮಾಡಲು ಕೆಲಸ ಎಲ್ಲಿ ಉಳಿಯಿತು? 240ರ ಬದಲು 280 ಹಾಕಿದರೆ ಅದೇ ಒತ್ತಿಗೆ ಆರನೇ ಒಂದು ಪಾಲು ಜಾಸ್ತಿ ಬಲ ಸಿಗುತ್ತದೆ. ಅಷ್ಟು ಬಲ ಬೆರಳಿನಿಂದಲೇ ಒತ್ತಿದರೂ ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ಚಕ್ರ ಕಚ್ಚಿ ಜಾರುತ್ತದೆ, ಮುಂದಿನ ಚಕ್ರ ಜಾರಿದರೆ ಬೀಳುವುದೇ.

ವೇಗದ ಲೆಕ್ಕವನ್ನೂ ಅವನಿಗೆ ಕಾಗದದಲ್ಲಿ ಬರೆದು ತೋರಿಸಿದೆ. 60ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಎದುರಿನದ್ದನ್ನು ನೋಡಿ ಕೈ ಲಿವರಿಗೆ ಹೋಗುವಷ್ಟರಲ್ಲೇ ಆ 17 ಮೀಟರ್ ಹೋಯಿತು ಅಂತಿಟ್ಟುಕೊಳ್ಳಿ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರ್. 50ರಲ್ಲಿ ಇದ್ದಿದ್ದರೆ ಕೈ ಹೋಗಲು 14, ನಿಲ್ಲಲು 14. ಒಟ್ಟು ಒಂಬತ್ತು ಮೀಟರ್ ಉಳಿತಾಯ, ಅದೂ ಪುಕ್ಕಟೆ. ಇದನ್ನು ಕೇಳಿ ಅವನು, "ಮಾವ, ನೀವು ಸುತ್ತಿ ಬಳಸಿ ಮೆಲ್ಲ ಹೋಗು ಅಂತಲೇ ಹೇಳುದಲ್ವಾ" ಅಂತ ನಗಾಡಿದ. ಅದೂ ಹೌದು.

ಹಿಂದಿನ ಡಿಸ್ಕಿನ ಬಗ್ಗೆ ನನಗೆ ಖರ್ಚಿಗಿಂತ ಬೇರೆಯೇ ತಕರಾರು ಉಂಟು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಒಬ್ಬನೇ ಕೂತ ಹಗುರದ ಬೈಕಿನಲ್ಲಿ ಆ ಚಕ್ರವನ್ನು ಕಚ್ಚಿ ಹಿಡಿಯಲು 130ರ ಡ್ರಮ್ಮೇ ಜಾಸ್ತಿ, ಸೀತಾಂಗೋಳಿಯಲ್ಲಿ ಆದದ್ದೂ ಅದೇ. ಎಬಿಎಸ್ ಇಲ್ಲದ ಬೈಕಿಗೆ ಅಲ್ಲಿ ಇನ್ನೂ ಚುರುಕಾದ ಡಿಸ್ಕ್ ಕೂರಿಸಿದರೆ ಹೆದರಿ ತುಳಿದಾಗ ಇನ್ನೂ ಬೇಗ ಜಾರುತ್ತದೆ. ನಮ್ಮ ರಸ್ತೆಗಳನ್ನು ನೋಡಿ. ಮರದ ನೆರಳಿನ ತಿರುವಿನಲ್ಲಿ ಪಾಚಿ, ತೋಟದ ಬದಿಯಲ್ಲಿ ಬಿದ್ದ ಅಡಿಕೆ ಹಾಳೆ, ಗುಡ್ಡ ಜರಿದು ರಸ್ತೆಗೆ ಹರಿದ ಕೆಂಪು ಮಣ್ಣು, ಬಸ್‌ಸ್ಟಾಪಿನ ಎದುರು ಡೀಸೆಲ್. ಇಂಥ ಕಡೆ ಹಿಂದಿನ ಚಕ್ರಕ್ಕೆ ಜೋರು ಬ್ರೇಕ್ ಬೇಕಾ? ಹಿಂದೆ ಅಡಿಕೆ ಗೋಣಿ ಕಟ್ಟಿಕೊಂಡೋ, ಹೆಂಡತಿಯನ್ನು ಕೂರಿಸಿಕೊಂಡೋ ಹೋಗುವವರಿಗೆ ಹಿಂದಿನ ಬ್ರೇಕ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಅದು ಬೇರೆ ಮಾತು. ಇವನದ್ದು ಒಬ್ಬನದ್ದೇ ಸವಾರಿ.

ಅಂಗಡಿಯವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರ ಮಾತು ಸರಿ ಬರುವ ಗಾಡಿಗಳೂ ಇವೆ. ಭಾರದ ಬೈಕು, ಇಬ್ಬರು ಕೂತು ಲಗೇಜು ಕಟ್ಟಿಕೊಂಡು ಸಂಪಾಜೆಯೋ ಚಾರ್ಮಾಡಿಯೋ ಘಾಟಿ ಇಳಿಯುವವರು, ಮೇಲಿಂದ ಕೆಳಗಿನವರೆಗೆ ಮತ್ತೆ ಮತ್ತೆ ಬ್ರೇಕ್ ಹಿಡಿಯಬೇಕಾದವರು. ಅಲ್ಲಿ ಪ್ರಶ್ನೆ ಒಂದು ಸಲ ನಿಲ್ಲುವುದಲ್ಲ, ಬಿಸಿ ತಡೆಯುವುದು. ದೊಡ್ಡ ಡಿಸ್ಕಿಗೆ ಬಿಸಿ ಹೀರುವ, ಬಿಡುವ ಜಾಗ ಜಾಸ್ತಿ. ಅವರಿಗೂ ಮೊದಲು ಹೊಸ ಆಯಿಲ್, ಒಳ್ಳೇ ಪ್ಯಾಡ್ ಹಾಕಿ, ಚಿಕ್ಕ ಗೇರಿನಲ್ಲಿ ಇಳಿದು ನೋಡಿ ಅಂತಲೇ ಹೇಳುತ್ತೇನೆ. ಮುಂದೆಯೂ ಡ್ರಮ್ ಇರುವ ಹಳೇ ಬೈಕು, ಎಷ್ಟು ಒತ್ತಿದರೂ ಟೈರ್ ಸದ್ದು ಮಾಡುವ ಹಂತಕ್ಕೇ ಬರುವುದಿಲ್ಲ ಅಂತಾದರೆ ಅಲ್ಲಿ ಡಿಸ್ಕಿನಿಂದ ನಿಜಕ್ಕೂ ಲಾಭ ಉಂಟು. ಮಳೆಗೆ ಸಿಂಟರ್ಡ್ ಪ್ಯಾಡ್ (ಲೋಹದ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು) ಒಳ್ಳೆಯದು, ಒದ್ದೆಯಲ್ಲೂ ಬೇಗ ಹಿಡಿಯುತ್ತದೆ, ಡಿಸ್ಕನ್ನು ಸ್ವಲ್ಪ ಜಾಸ್ತಿ ತಿನ್ನುತ್ತದೆ. ನಿಮ್ಮ ಡಿಸ್ಕಿಗೆ ಅದು ಆಗುತ್ತದಾ ಅಂತ ಕೇಳಿಯೇ ಹಾಕಿಸಿ.

ಕಾನೂನಿನ ಮಾತೂ ಇದೆ. ಪ್ಯಾಡ್, ಶೂ, ಆಯಿಲ್, ಕಂಪನಿ ಹೋಸ್ ಇವೆಲ್ಲ ರಿಪೇರಿ, ಯಾರೂ ಕೇಳುವುದಿಲ್ಲ. ಬೇರೆ ಮಾಡೆಲಿನ ಚಕ್ರ, ಕ್ಯಾಲಿಪರ್ ಕೂರಿಸಿದರೆ ಗಾಡಿಯ ಮೂಲ ರೂಪ ಬದಲಿಸುವುದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಪ್ರಶ್ನೆ ಬರಬಹುದು, ಅಪಘಾತವಾದರೆ ವಿಮೆಯವರೂ ಕೇಳಬಹುದು. ದಿನಾ ತಲಪಾಡಿ ದಾಟಿ ಎರಡು ರಾಜ್ಯದ ಪೋಲೀಸರ ಎದುರು ಓಡಾಡುವವನಿಗೆ ಈ ತಲೆಬಿಸಿ ಯಾಕೆ?

ಹಾಗಾದರೆ ಆ 28 ಸಾವಿರವನ್ನು ಏನು ಮಾಡುವುದು ಅಂತ ಕೇಳಿದ. ನನ್ನ ಉತ್ತರ ಎಬಿಎಸ್. ಚಕ್ರ ಕಚ್ಚಿಕೊಳ್ಳುವ ಸೂಚನೆ ಬಂದ ಕೂಡಲೇ ಅದು ಒತ್ತಡ ಬಿಟ್ಟು ಮತ್ತೆ ಹಿಡಿಯುತ್ತದೆ, ಚಕ್ರ ತಿರುಗುತ್ತಲೇ ಇರುವುದರಿಂದ ಹ್ಯಾಂಡಲ್ ನಮ್ಮ ಮಾತು ಕೇಳುತ್ತದೆ. ಮಳೆಯಲ್ಲಿ ಹೆದರಿ ಒತ್ತುವ ಮನುಷ್ಯನಿಗೆ ಬೇಕಾದದ್ದು ಇದು, ದೊಡ್ಡ ಡಿಸ್ಕ್ ಅಲ್ಲ. ಇದನ್ನು ಹಳೇ ಬೈಕಿಗೆ ಹೊರಗಿನಿಂದ ಕೂರಿಸುವುದು ಸುಮ್ನೆ ತಲೆನೋವು, ಸೆನ್ಸರ್, ಪಂಪು, ಕಂಪ್ಯೂಟರ್ ಎಲ್ಲ ಆ ಬೈಕಿಗೇ ಅಂತ ಹೊಂದಿಸಿದ್ದಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ ಆಗಿದೆ. ಹಾಗಾಗಿ ಅದರ ನಂತರದ ಸೆಕೆಂಡ್ ಹ್ಯಾಂಡ್ ಬೈಕು ಹುಡುಕಿದರೆ ಸಾಕು, ಹೊಸದೇ ಆಗಬೇಕೆಂದಿಲ್ಲ. ಈ ಬೈಕು ಮಾರಿದ ಮೂವತ್ತೈದಕ್ಕೆ 28 ಸೇರಿಸಿದರೆ 63 ಸಾವಿರ ಆಯಿತು.

ನಮ್ಮ ರಿಪೇರಿಗೆ ಆದ ಖರ್ಚು, ಟೈರ್ ಎರಡೂ ಸೇರಿ, ಎಂಟು ಸಾವಿರದ ಹತ್ತಿರ. ಅದರಲ್ಲಿ ಟೈರಿನದ್ದೇ ಐದು. ನನ್ನ ಕೂಲಿ ಹಿಡಿದಿಲ್ಲ, ಹೊರಗೆ ಮಾಡಿಸಿದರೆ ಇನ್ನೊಂದು ಸಾವಿರ ಸೇರಿಸಿಕೊಳ್ಳಿ. ಮಾರುವ ಯೋಚನೆ ಇದ್ದರೆ ಟೈರಿಗೆ ಐದು ಸಾವಿರ ಯಾಕೆ ಹಾಕಿದ್ದು ಅಂತ ಭಾವ ಕೇಳಿದರು. ಮಳೆಗಾಲ ಪೂರ್ತಿ ಮಗ ಓಡಾಡಬೇಕಲ್ಲ, ಬೈಕು ಸಿಗುವವರೆಗೆ ಆ ಹತ್ತು ವರ್ಷದ ಟೈರಿನಲ್ಲಿ ಕಳಿಸಲು ಆಗುತ್ತದಾ ಅಂತ ಕೇಳಿದೆ. ಅವರು ಮತ್ತೆ ಮಾತಾಡಲಿಲ್ಲ. ಹುಡುಗ ಈಗ ಉಪ್ಪಳ, ಪುತ್ತೂರು ಕಡೆ 2020ರ ಆಚೆಯ ಬೈಕು ಹುಡುಕುತ್ತಿದ್ದಾನೆ. ಕರ್ನಾಟಕದ ನಂಬರಿನದ್ದು ಸಿಕ್ಕಿದರೆ ಎನ್‌ಒಸಿ, ಟ್ಯಾಕ್ಸ್ ಅಂತ ಬೇರೆ ಖರ್ಚು ಇರುತ್ತದೆ, ಹಾಗಾಗಿ ಕೆಎಲ್ ನಂಬರಿನದ್ದೇ ಮೊದಲು ನೋಡು ಅಂದಿದ್ದೇನೆ. ಯಾವುದು ಸಿಕ್ಕಿದರೂ ದುಡ್ಡು ಕೊಡುವ ಮೊದಲು ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆಸಿ ಆಯಿಲಿನ ಬಣ್ಣ ನೋಡಲು, ಟೈರಿನ ನಾಲ್ಕು ಅಂಕಿಯ ಫೋಟೋ ಕಳಿಸಲು ಹೇಳಿದ್ದೇನೆ.